ಎಪ್ಪತ್ತು ಬರಿ, ಮುಂದಿನವರನ್ನ ಕರಿ

ಎದುರಿಗೆ ಮೇಡಂ, ಬೆನ್ನ ಹಿಂದೆ ಕೆಂಪುಮಸಿ. ಪುರಸಭೆಯ ಮರಣ ನೋಂದಣಿ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕುಳಿತ ಆ ಗುಮಾಸ್ತೆಗೆ ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅರ್ಜಿಯಲ್ಲಿ ಒಂದು ಕೊಂಬು ತಪ್ಪಿದರೆ ಸಾಕು, ಕೆಂಪು ಪೆನ್ನಿನಲ್ಲಿ ಗೀಟು ಎಳೆದು ಕಿಟಕಿಯಿಂದಾಚೆ ತಳ್ಳುತ್ತಿದ್ದಳು. "ತಿದ್ದಿಕೊಂಡು ಬನ್ನಿ." ಅಪ್ಪ ಹೋಗಿ ಮೂರು ದಿನ ಆಯ್ತು ಮೇಡಂ, ಕೈ ನಡುಗುತ್ತೆ ಎಂದು ಯಾರಾದರೂ ಗೋಗರೆದರೆ, "ನಡುಗೋದು ನಿಂತ ಮೇಲೆ ಬನ್ನಿ" ಎನ್ನುತ್ತಿದ್ದಳು. ಅವಳ ಕಿಟಕಿಯ ಮುಂದೆ ಕಣ್ಣೀರು ಹಾಕಿದವರಲ್ಲಿ ಅರ್ಧ ಜನ ಸತ್ತವರಿಗಾಗಿ ಹಾಕಿದ್ದಲ್ಲ.

ಕೋಣೆಯೂ ಅವಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಮೂರು ಕಡೆ ಕಬ್ಬಿಣದ ಕಪಾಟು, ಅದರ ತುಂಬ ದಪ್ಪ ದಪ್ಪ ಪುಸ್ತಕ, ಗೋಂದಿನ ವಾಸನೆ, ಗೆದ್ದಲಿಗೆ ಹೊಡೆದ ಔಷಧಿಯ ವಾಸನೆ. ಬಂದವರಿಗೆ ಕೂರಲು ಒಂದು ಬೆಂಚು, ಅದರ ಒಂದು ಕಾಲು ಗಿಡ್ಡ. ಅದನ್ನು ಸರಿ ಮಾಡಿಸಿ ಎಂದು ಹತ್ತು ಜನ ಹೇಳಿರಬೇಕು. ಆರಾಮಾಗಿ ಕೂತರೆ ಜನ ಹೊತ್ತು ಕಳೆಯುತ್ತಾರೆ ಎಂದು ಅವಳು ಹಾಗೇ ಬಿಟ್ಟಿದ್ದಳು. ಐವತ್ತೆಂಟು ತುಂಬಿದ ತಿಂಗಳು ನಿವೃತ್ತಿ. ಇನ್ನು ಮೂರೇ ತಿಂಗಳಿತ್ತು. ಒಂದೂ ತಪ್ಪಿಲ್ಲದ ಮೂವತ್ತನಾಲ್ಕು ವರ್ಷ ಎಂದು ಬೀಳ್ಕೊಡುಗೆಯ ದಿನ ಮುಖ್ಯಾಧಿಕಾರಿ ಹೇಳಬೇಕು, ಅದನ್ನು ಕೇಳಿಸಿಕೊಂಡು ಮನೆಗೆ ಹೋಗಬೇಕು. ಗಂಡ ಹೋಗಿ, ಮಕ್ಕಳಿಲ್ಲದೆ, ನೆರೆಹೊರೆಯವರನ್ನೂ ಎದುರು ಹಾಕಿಕೊಂಡಿದ್ದ ಅವಳಿಗೆ ಉಳಿದಿದ್ದ ಆಸೆ ಅದೊಂದೇ.

ಕಚೇರಿಯ ಹಿಂದಿನ ಗೋಡೆ ದಾಟಿದರೆ ಪುರಸಭೆಯದೇ ಆಸ್ಪತ್ರೆ. ಗೋಡೆಗೆ ಅಂಟಿಕೊಂಡಂತೆ ಮುದುಕರ ವಾರ್ಡು, ಹನ್ನೆರಡು ಮಂಚ. ಊರಿನ ಅರ್ಧ ಗಂಡಸರು ಗಾಜಿನ ಕಾರ್ಖಾನೆಯಲ್ಲಿ ದುಡಿದವರು. ಗಾಜಿಗೆ ಮರಳು ಬೇಕು, ಮರಳಿಗೆ ಜರಡಿ ಹಿಡಿಯಬೇಕು, ಜರಡಿ ಹಿಡಿದವನ ಎದೆಗೂಡಿನಲ್ಲಿ ಧೂಳು ಕೂರಬೇಕು. ಆ ಧೂಳಿನ ಕೆಮ್ಮು ಬೆಳಗಿನಿಂದ ಸಂಜೆತನಕ ಅವಳ ಹಿಂದಿನ ಕಿಟಕಿಯಿಂದ ಒಳಗೆ ಬರುತ್ತಿತ್ತು. ಐದು ತಿಂಗಳಿನಿಂದ ಅದರಲ್ಲಿ ಒಂದು ಕೆಮ್ಮು ಅವಳಿಗೆ ಗುರುತಿನದು. ಎರಡು ಸಣ್ಣದು, ಒಂದು ಉದ್ದ, ಕೊನೆಗೆ ಯಾರನ್ನೋ ಬೈದ ಹಾಗೆ ಒಂದು ಕ್ಯಾಕರಿಕೆ. ಏಳನೇ ಮಂಚ. ಅವಳ ಅಣ್ಣ.

ಅಣ್ಣ ಎಂದರೆ ಹದಿಮೂರು ವರ್ಷ ದೊಡ್ಡವನು, ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದವನು. ಅವನು ಅವಳ ಜೊತೆ ಮಾತು ಬಿಟ್ಟು ಮೂವತ್ತನಾಲ್ಕು ವರ್ಷವಾಗಿತ್ತು. ನಡುವೆ ಇದ್ದದ್ದು ಒಂದು ಗೋಡೆ, ಆ ಗೋಡೆಯಲ್ಲಿ ಒಂದು ಚಿಕ್ಕ ಗೇಟು. ಐದು ತಿಂಗಳಲ್ಲಿ ಅವಳು ಒಂದು ದಿನವೂ ಆ ಗೇಟು ದಾಟಲಿಲ್ಲ. ಅವನಿಗೆ ಅವನ ಹಟ, ಇವಳಿಗೆ ಇವಳ ಹಟ.

ಹೀಗಿರುವಾಗ ಒಂದು ಬೆಳಗ್ಗೆ ಹೊಸ ಆರೋಗ್ಯಾಧಿಕಾರಿ ಕೈಯಲ್ಲಿ ಬಣ್ಣದ ಕಾಗದ ಹಿಡಿದುಕೊಂಡು ಬಂದರು. ಎಂಟು ತಿಂಗಳ ಹಿಂದೆ ವರ್ಗವಾಗಿ ಬಂದವರು. ಇಸ್ತ್ರಿ ಮುರಿಯದ ಅಂಗಿ, ಮುಖ ತುಂಬ ನಗು. ನಗುವ ಅಧಿಕಾರಿಯನ್ನು ಕಂಡರೆ ಕೆಂಪುಮಸಿಗೆ ಮೊದಲೇ ಆಗುತ್ತಿರಲಿಲ್ಲ.

"ಮೇಡಂ, ಒಳ್ಳೆ ಸುದ್ದಿ. ನಮ್ಮೂರಲ್ಲಿ ಮುದುಕರು ಸಾಯೋದು ಅರ್ಧಕ್ಕರ್ಧ ಕಮ್ಮಿ ಆಗಿದೆ."

"ಯಾರು ಹೇಳಿದ್ದು?"

"ನೀವೇ. ನಿಮ್ಮ ಪುಸ್ತಕಗಳು!"

ಹಳೆಯ ಪುಸ್ತಕಗಳನ್ನೆಲ್ಲ ಹೋದ ವರ್ಷ ಕಂಪ್ಯೂಟರಿಗೆ ಹಾಕಿಸಿದ್ದರು. ಗೆದ್ದಲು ತಿನ್ನದೆ ಬಿಟ್ಟವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಮೂವತ್ತನಾಲ್ಕು ವರ್ಷದ ಹಿಂದಿನದು, ಅವಳು ಕೆಲಸಕ್ಕೆ ಸೇರಿದ ವರ್ಷದ್ದು. ಆ ವರ್ಷ ಊರಿನಲ್ಲಿ ಎಪ್ಪತ್ತು ತುಂಬಿದ ಗಂಡಸರು ಹೆಚ್ಚುಕಮ್ಮಿ ಒಂದೂವರೆ ಸಾವಿರ. ಅವರಲ್ಲಿ ಸತ್ತವರು ನೂರ ಎಂಬತ್ತು, ಅಂದರೆ ಸಾವಿರಕ್ಕೆ ನೂರಿಪ್ಪತ್ತು. ಈಗ ಆ ವಯಸ್ಸಿನವರು ಮೂರು ಸಾವಿರ. ಹೋದ ವರ್ಷ ಸತ್ತವರು ನೂರ ಎಂಬತ್ತಾರು, ಸಾವಿರಕ್ಕೆ ಅರವತ್ತೆರಡು. ಕಾಗದದ ಮೇಲೆ ಎರಡು ಕಂಬ, ಒಂದು ಎತ್ತರ, ಪಕ್ಕದ್ದು ಅದರ ಅರ್ಧ.

ಒಂದು ಗಳಿಗೆ ಅವಳಿಗೂ ಹೆಮ್ಮೆಯಾಯಿತು. ಇದೆಲ್ಲ ತನ್ನ ಕೈಬರಹದಿಂದ ಹುಟ್ಟಿದ ಲೆಕ್ಕ. ಆದರೆ ಅಧಿಕಾರಿಯ ಮಾತು ಮುಗಿದಿರಲಿಲ್ಲ. "ಅದಕ್ಕೇ ಆ ಹನ್ನೆರಡು ಮಂಚದ ವಾರ್ಡು ಇನ್ನು ಯಾಕೆ ಅಂತ. ತೆಗೆದುಬಿಟ್ಟು ಸಭಾಂಗಣ ಮಾಡೋಣ. ಇರೋರನ್ನ ಮನೆಗೋ ದೊಡ್ಡಾಸ್ಪತ್ರೆಗೋ ಕಳಿಸಿದ್ರಾಯ್ತು. ಹದಿನೈದನೇ ತಾರೀಖು ಸಭೇಲಿ ಮಂಜೂರಾಗುತ್ತೆ. ನಿಮ್ಮ ಹೆಸರೂ ಹೇಳ್ತೀನಿ, ಇಷ್ಟು ಅಚ್ಚುಕಟ್ಟಾಗಿ ಯಾರು ಬರೆದಿಡ್ತಾರೆ?"

ದೊಡ್ಡಾಸ್ಪತ್ರೆ ಇದ್ದದ್ದು ಮೂವತ್ತು ಮೈಲಿ ಆಚೆ. ಗೋಡೆಯ ಆ ಕಡೆಯಿಂದ ಎರಡು ಸಣ್ಣದು, ಒಂದು ಉದ್ದ ಕೇಳಿಸಿತು. ಅವಳು ಕಾಗದವನ್ನು ವಾಪಸು ತಳ್ಳಿದಳು. ಅಧಿಕಾರಿ ಅತ್ತ ಹೋದ ಮೇಲೆ ಎದ್ದು ಹೋಗಿ, ಆ ವರ್ಷದ ಪುಸ್ತಕವಿದ್ದ ಕಪಾಟಿಗೆ ಬೀಗ ಹಾಕಿದಳು.

ಯಾಕೆಂದರೆ ಆ ಎತ್ತರದ ಕಂಬ ಎಲ್ಲಿಂದ ಬಂತೆಂದು ಇಡೀ ಊರಿನಲ್ಲಿ ಬಲ್ಲವಳು ಅವಳೊಬ್ಬಳೇ.

ಅವಳು ಕೆಲಸಕ್ಕೆ ಸೇರಿದಾಗ ಆ ಕುರ್ಚಿಯಲ್ಲಿದ್ದವರು ಒಬ್ಬ ಹೆಡ್ ಗುಮಾಸ್ತರು. ಮೂಗಿಗೆ ನಸ್ಯ ಏರಿಸುತ್ತ, ಸೀನುತ್ತ, ಮೊದಲನೇ ವಾರವೇ ಅವಳಿಗೆ ಕಸುಬಿನ ಗುಟ್ಟು ಹೇಳಿಕೊಟ್ಟರು. ಸತ್ತವನಿಗೆ ಎಪ್ಪತ್ತಕ್ಕಿಂತ ಕಮ್ಮಿ ಇದ್ದರೆ ಎರಡನೇ ಹಾಳೆ ಬರೆಯಬೇಕು. ಅದರಲ್ಲಿ ಹದಿನಾರು ಪ್ರಶ್ನೆ: ಎಲ್ಲಿ ದುಡಿಯುತ್ತಿದ್ದ, ಎಂಥ ಕಾಯಿಲೆ, ಎಷ್ಟು ದಿನ ಮಲಗಿದ್ದ, ಯಾರು ನೋಡಿಕೊಂಡರು. ಅದಕ್ಕೆ ಡಾಕ್ಟರ ಸಹಿ, ಕಾರ್ಖಾನೆಗಳ ತಪಾಸಣೆ ಕಚೇರಿಗೆ ಒಂದು ಪ್ರತಿ. ಎಪ್ಪತ್ತು ಮುಟ್ಟಿದ್ದರೆ ಅದೇನೂ ಬೇಡ, ಕಾರಣದ ಜಾಗದಲ್ಲಿ ವೃದ್ಧಾಪ್ಯ ಎಂದು ಒಂದೇ ಮಾತು ಬರೆದರೆ ಮುಗಿಯಿತು. ಆ ಕಾಲದಲ್ಲಿ ಯಾರ ಹುಟ್ಟಿದ ದಿನಕ್ಕೂ ಆಧಾರ ಇರುತ್ತಿರಲಿಲ್ಲ. ಮಗನನ್ನು ಕೇಳಿದರೆ, "ವಯಸ್ಸಾಗಿತ್ತು ಸ್ವಾಮಿ, ಹಲ್ಲೆಲ್ಲ ಹೋಗಿತ್ತು" ಎನ್ನುತ್ತಿದ್ದ. ಧೂಳು ಕುಡಿದವನಿಗೆ ಐವತ್ತಕ್ಕೇ ಎಪ್ಪತ್ತರ ಮುಖ ಬಂದಿರುತ್ತಿತ್ತು.

"ಎಪ್ಪತ್ತು ಬರಿ, ಮುಂದಿನವರನ್ನ ಕರಿ" ಎನ್ನುತ್ತಿದ್ದರು ಹೆಡ್ ಗುಮಾಸ್ತರು. "ಸತ್ತೋನೇನು ಬಂದು ಕೇಳ್ತಾನಾ?"

ಅವಳು ಬರೆದಳು. ಒಂದು ಕೊಂಬು, ಒಂದು ದೀರ್ಘ ಬಿಡದೆ ತಿದ್ದುವ ಈ ಮಹರಾಯಿತಿ ವಯಸ್ಸಿನ ಜಾಗದಲ್ಲಿ ಮಾತ್ರ ಕಣ್ಣು ಮುಚ್ಚಿ ಎಪ್ಪತ್ತು ಗೀಚಿದಳು. ಐವತ್ತೈದರವನಿಗೂ ಎಪ್ಪತ್ತು, ಅರವತ್ತೆರಡರವನಿಗೂ ಎಪ್ಪತ್ತು. ಇಪ್ಪತ್ತನಾಲ್ಕು ವರ್ಷ ಇದೇ ನಡೆಯಿತು. ಆಮೇಲೆ ಹುಟ್ಟಿದ ತಾರೀಖಿರುವ ಗುರುತಿನ ಚೀಟಿ ಬಂತು, ಚೀಟಿಯ ನಂಬರು ಹಾಕದಿದ್ದರೆ ಕಂಪ್ಯೂಟರು ಮುಂದಕ್ಕೆ ಹೋಗದು. ಅಂದಿನಿಂದ ವಯಸ್ಸೆಲ್ಲ ಸರಿಯಾಯಿತು, ಎಪ್ಪತ್ತರ ಕಂಬ ತಾನಾಗಿ ಗಿಡ್ಡವಾಯಿತು. ಅಧಿಕಾರಿ ಅದನ್ನು ನೋಡಿ, ಮುದುಕರು ಚಿರಂಜೀವಿಗಳಾದರು ಎಂದು ಕುಣಿಯುತ್ತಿದ್ದರು.

ಇನ್ನೊಂದು ಸಂಗತಿ ಉಂಟು, ಅದನ್ನು ಅವಳು ತನಗೆ ತಾನೇ ಹೇಳಿಕೊಂಡವಳಲ್ಲ. ಆ ವರ್ಷದ ಪುಸ್ತಕದಲ್ಲಿ ಅವಳು ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಬರೆದ ಮೊದಲನೇ ಸಾಲು ಅವಳ ಅಪ್ಪನದು.

ಅಪ್ಪ ಜರಡಿ ಶೆಡ್ಡಿನವನು. ಅವಳು ಕೆಲಸಕ್ಕೆ ಸೇರಿದ ಎರಡನೇ ತಿಂಗಳು ಸತ್ತ. ಕೊನೆಯ ಏಳು ತಿಂಗಳು ಹಾಸಿಗೆ ಹಿಡಿದಿದ್ದವನನ್ನು ಎತ್ತಿ, ತೊಳೆದು, ಗುಟುಕು ಗಂಜಿ ಕುಡಿಸಿದ್ದು ಅಣ್ಣ. ಅವನು ಆಗ ಅದೇ ಕಾರ್ಖಾನೆಯ ಹಾಜರಿ ಗುಮಾಸ್ತ, ದಿನವಿಡೀ ಕೂರುತ್ತಿದ್ದದ್ದು ಅದೇ ಶೆಡ್ಡಿನ ಧೂಳಿನಲ್ಲಿ. ಇವಳು ನೌಕರಿಯ ಪರೀಕ್ಷೆಗೆ ಓದುತ್ತೇನೆಂದು ಗೆಳತಿಯ ಮನೆ ಸೇರಿದ್ದಳು. ಓದುವುದಿತ್ತು, ನಿಜ. ಆ ಕೆಮ್ಮು ಕೇಳಲಾಗದೆ ಓಡಿಹೋದದ್ದೂ ನಿಜ. ಎರಡನೇ ಹಾಳೆ ಎದುರಿಗಿಟ್ಟುಕೊಂಡು ಕುಳಿತಾಗ ಯಾರು ನೋಡಿಕೊಂಡರು ಎಂಬ ಪ್ರಶ್ನೆಗೆ ಬಂದು ಅವಳ ಪೆನ್ನು ನಿಂತಿತು. ಹಾಳೆ ಹರಿದು ಬುಟ್ಟಿಗೆ ಹಾಕಿದಳು. ಪುಸ್ತಕದಲ್ಲಿ ಎಪ್ಪತ್ತು ಎಂದು ಬರೆದಳು, ಪಕ್ಕದಲ್ಲಿ ವೃದ್ಧಾಪ್ಯ ಎಂದು ಬರೆದು ಮುಂದಿನವರನ್ನು ಕರೆದಳು.

ಅಣ್ಣ ಆ ಎರಡನೇ ಹಾಳೆಗಾಗಿ ಕಾದಿದ್ದ. ಧೂಳು ಎಂಬ ಮಾತು ಒಂದು ಸರ್ಕಾರಿ ಕಾಗದದ ಮೇಲೆ ಬಂದರೆ ಸಾಕು, ತಪಾಸಣೆಯವರು ಬಂದು ಶೆಡ್ಡಿಗೆ ಬೀಗ ಹಾಕಿಸುತ್ತಾರೆ ಎಂದು ನಂಬಿದ್ದ. ಕೈಗೆ ಬಂದದ್ದು ಎಪ್ಪತ್ತು ವರ್ಷದ ವೃದ್ಧನ ಪ್ರಮಾಣಪತ್ರ. ಈ ಕಿಟಕಿಯ ಮುಂದೆಯೇ ನಿಂತು, ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಕೂಗಿದ: "ಅಪ್ಪನಿಗೆ ಐವತ್ತೆಂಟೂ ತುಂಬಿರಲಿಲ್ಲ ಕಣೇ! ಸತ್ತ ಮೇಲೆ ಅವನನ್ನ ಮುದುಕ ಮಾಡಿದ್ಯಲ್ಲ, ನಿನ್ನ ಕೈ ಸೇದಿಹೋಗಾ!" ಅವನು ಅವಳೊಡನೆ ಆಡಿದ ಕೊನೆಯ ಮಾತು ಅದು. ಶೆಡ್ಡು ಇನ್ನೂ ಇಪ್ಪತ್ತು ವರ್ಷ ನಡೆಯಿತು.

ಅಧಿಕಾರಿ ಬಂದು ಹೋದ ಮೇಲೆ ಎರಡು ದಿನ ಅವಳು ತನ್ನೊಳಗೇ ಜಗಳವಾಡಿದಳು. ಬಾಯಿ ಬಿಟ್ಟರೆ ಮೂವತ್ತನಾಲ್ಕು ವರ್ಷದ ಹೆಸರು ಮೂರು ಕಾಸಿಗೆ ಹೋಗುತ್ತದೆ. ಬಿಡದಿದ್ದರೆ? ಮುದುಕರು ಎಲ್ಲಾದರೂ ಸಾಯಲೇಬೇಕು, ಇಲ್ಲಿ ಸತ್ತರೇನು, ಮನೆಯಲ್ಲಿ ಸತ್ತರೇನು? ಇಷ್ಟು ಹೇಳಿಕೊಂಡು ಮುಗಿಸುವಷ್ಟರಲ್ಲಿ ಗೋಡೆಯಾಚೆ ಕೆಮ್ಮು ಶುರುವಾಗುತ್ತಿತ್ತು. ಅವಳು ಎದ್ದು ಕಿಟಕಿ ಹಾಕಿದಳು. ಸೆಕೆಗೆ ಮತ್ತೆ ತೆಗೆದಳು.

ಮೂರನೇ ದಿನ ಸಾಲಿನಲ್ಲಿ ಅತ್ತಿಗೆ ನಿಂತಿದ್ದಳು. ಅಣ್ಣನ ಹೆಂಡತಿ, ಬಾಯಿ ಜೋರು, ಇಬ್ಬರ ನಡುವೆ ಹೇಳಲೇಬೇಕಾದ ಸುದ್ದಿಗಳನ್ನು ಇಷ್ಟು ವರ್ಷ ಹೊತ್ತವಳು ಅವಳೇ. ತನ್ನ ಸರದಿ ಬರುವವರೆಗೂ ಕಾದು, ಕಿಟಕಿಯೊಳಗೆ ಒಂದು ಚೀಟಿ ತಳ್ಳಿದಳು.

"ಮಂಚ ಖಾಲಿ ಮಾಡೋಕೆ ರೆಡಿಯಾಗಿ ಅಂತ ಕೊಟ್ಟಿದ್ದಾರೆ. ಆಮ್ಲಜನಕ ತೆಗೆದರೆ ಮೂರು ದಿನ, ಹೆಚ್ಚಂದ್ರೆ ನಾಲ್ಕು ಅಂದ್ರು ಡಾಕ್ಟರು. ದೊಡ್ಡಾಸ್ಪತ್ರೆ ದಾರೀಲೇ ಹೋಗ್ತಾರೆ ಅಂತಾನೂ ಅಂದ್ರು. ಆಮೇಲೆ ನಾನು ಇದೇ ಕಿಟಕಿಗೇ ಬರ್ತೀನಲ್ಲ. ಎಷ್ಟು ಅಂತ ಬರೀತೀಯ? ಎಪ್ಪತ್ತಾ? ಈ ಸಲ ನಿನಗೆ ಕಷ್ಟ ಇಲ್ಲ ಬಿಡು, ನಿಜವಾಗ್ಲೂ ದಾಟಿದೆ. ಎಪ್ಪತ್ತೊಂದು."

ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು.

"ಉಸಿರಾಡೋಕೆ ಆಗದಿದ್ರೂ ಆ ದರಿದ್ರ ಪುಸ್ತಕ ತಲೆದಿಂಬಿನ ಕೆಳಗೆ ಇಟ್ಕೊಂಡೇ ಮಲಗ್ತಾರೆ," ಎಂದಳು ಅತ್ತಿಗೆ. "ಕಾರ್ಖಾನೆಯೋರು ಯಾರು ಸತ್ತರೂ ಅವರ ಮನೆಗೆ ಹೋಗಿ ನಿನ್ನ ಸರ್ಟಿಫಿಕೇಟು ನೋಡಿ ಬರೆದುಕೊಂಡಿದ್ದೇ ಬರೆದುಕೊಂಡಿದ್ದು. ಅವನು ಹುಟ್ಟಿದ್ದು ಯಾವಾಗ, ನೀನು ಎಷ್ಟು ಅಂತ ಬರೆದೆ. ಒಂದಿನ ನಿನ್ನ ಮುಖಕ್ಕೆ ಎಸೀಬೇಕಂತೆ."

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಕೆಂಪುಮಸಿ ಆ ಚಿಕ್ಕ ಗೇಟು ದಾಟಿದಳು.

ಅಣ್ಣ ಒಣಗಿದ ಕಡ್ಡಿಯ ಹಾಗಾಗಿದ್ದ. ಮೂಗಿಗೆ ಕೊಳವೆ, ಬೆನ್ನಿಗೆ ಮೂರು ದಿಂಬು. ಕಣ್ಣು ಮಾತ್ರ ಹಾಗೇ ಇತ್ತು, ಇವಳನ್ನು ಕಂಡ ಕೂಡಲೇ ಹೆಂಡತಿಯ ಕಡೆಗೆ ತಿರುಗಿತು.

"ಯಾಕೆ ಬಂದಿದ್ದಾಳೆ ಅಂತ ಕೇಳು."

"ಯಾಕೆ ಬಂದೆ ಅಂತ ಕೇಳ್ತಿದ್ದಾರೆ," ಎಂದಳು ಅತ್ತಿಗೆ.

"ನನಗೆ ಕಿವಿ ಕೇಳಿಸುತ್ತೆ ಅತ್ತಿಗೆ. ಪುಸ್ತಕ ಬೇಕು ಅಂತ ಹೇಳಿ."

"ಯಾವ ಪುಸ್ತಕ ಅಂತ ಕೇಳು."

"ನನ್ನ ತಪ್ಪು ಬರೆದಿಟ್ಟಿರೋ ಪುಸ್ತಕ."

ಅಣ್ಣನಿಗೆ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮು ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. "ಅದು ಬರೆದಿದ್ದು ಅವಳ ಮಾನ ತೆಗೆಯೋಕೆ. ಅವಳ ಕೈಗೇ ಕೊಡೋಕಲ್ಲ ಅಂತ ಹೇಳು."

"ನಾನೇ ತೆಗ್ಕೊಳ್ತೀನಿ ಅಂತ ಹೇಳಿ. ಹದಿನೈದನೇ ತಾರೀಖು, ಎಲ್ಲರೆದುರಿಗೆ. ಅವನು ಎದ್ದು ಬರೋ ಹಾಗಿಲ್ಲವಲ್ಲ."

ಅತ್ತಿಗೆ ಎದ್ದು ನಿಂತಳು. "ನಾನೇನು ಅಂಚೆಪೇದೆನಾ? ಮೂವತ್ತನಾಲ್ಕು ವರ್ಷದಿಂದ ಆ ಕಡೆಯದು ಈ ಕಡೆಗೆ, ಈ ಕಡೆಯದು ಆ ಕಡೆಗೆ! ಹೊತ್ತು ಹೊತ್ತು ಸಾಕಾಯ್ತು. ಏನಾದ್ರೂ ಮಾಡ್ಕೊಳ್ಳಿ." ನೀರಿನ ಚೊಂಬು ತೆಗೆದುಕೊಂಡು ಹೊರಟೇಹೋದಳು.

ಇಬ್ಬರೇ ಉಳಿದರು. ಅಣ್ಣ ತಾರಸಿ ನೋಡುತ್ತ ಮಲಗಿದ್ದ. ಇವಳು ಮಂಚದ ಕಾಲು ನೋಡುತ್ತ ನಿಂತಿದ್ದಳು. ಕೊನೆಗೆ ಅವನ ಕೈ ದಿಂಬಿನ ಕೆಳಗೆ ಹೋಗಿ, ಹಾಜರಿ ಪುಸ್ತಕದಂಥ ಉದ್ದನೆಯ ಪುಸ್ತಕವೊಂದನ್ನು ಹೊರಗೆ ನೂಕಿತು. "ಒಂದು ಹಾಳೆ ಹರಿದ್ರೂ ಸುಮ್ನಿರಲ್ಲ" ಎಂದು ಅವನು ತಾರಸಿಗೆ ಹೇಳಿದ.

ಪುಸ್ತಕದ ತುಂಬ ಸಾಲುಗಳು. ಹೆಸರು, ಶೆಡ್ಡು, ಕಾರ್ಖಾನೆಗೆ ಸೇರುವಾಗ ತೋರಿಸಿದ ಶಾಲೆಯ ಇಲ್ಲವೇ ಸೈನ್ಯದ ಕಾಗದದಿಂದ ಇಳಿಸಿದ ಹುಟ್ಟಿದ ತಾರೀಖು, ಸತ್ತ ತಾರೀಖು, ಕೊನೆಯಲ್ಲಿ ಪುರಸಭೆ ಬರೆದ ವಯಸ್ಸು. ಆ ಕೊನೆಯ ಕಲಂ ಮೇಲಿಂದ ಕೆಳಗಿನವರೆಗೆ ಎಪ್ಪತ್ತು, ಎಪ್ಪತ್ತು, ಎಪ್ಪತ್ತು. ಪ್ರೀತಿಯಿಂದ ಯಾರೂ ಇಷ್ಟು ಕಷ್ಟಪಡುವುದಿಲ್ಲ. ದ್ವೇಷವಿದ್ದದ್ದಕ್ಕೇ ಅವನು ಒಂದು ಸಾವನ್ನೂ ಬಿಟ್ಟಿರಲಿಲ್ಲ.

ಅವಳು ತನ್ನ ಪುಸ್ತಕವನ್ನೂ ಅವನ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಐದು ದಿನ ಮಧ್ಯಾಹ್ನದ ಊಟ ಬಿಟ್ಟಳು. ತನ್ನ ಪುಸ್ತಕದ ನೂರ ಎಂಬತ್ತು ಮುದುಕರಲ್ಲಿ ಎಂಬತ್ತಮೂರು ಜನ ಅಣ್ಣನ ಪುಸ್ತಕದಲ್ಲಿ ಸಿಕ್ಕರು. ಒಬ್ಬನೂ ಎಪ್ಪತ್ತು ಮುಟ್ಟಿದವನಲ್ಲ. ಐವತ್ತೊಂದು, ಅರವತ್ತನಾಲ್ಕು, ನಲವತ್ತೊಂಬತ್ತು. ನಲವತ್ತೊಂಬತ್ತರವನನ್ನು ನೋಡಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಒಬ್ಬೊಬ್ಬನ ವಯಸ್ಸನ್ನೂ ದಿನ, ತಿಂಗಳು ಹಿಡಿದು ಲೆಕ್ಕ ಹಾಕಿದಳು. ಅಪ್ಪನ ಸಾಲು ಬಂದಾಗ ಮಾತ್ರ ಲೆಕ್ಕ ಹಾಕಲಿಲ್ಲ. ಹೆತ್ತ ಅಪ್ಪನ ವಯಸ್ಸು ಗೊತ್ತಿರುವುದಿಲ್ಲವೇ?

ಹದಿನೈದನೇ ತಾರೀಖಿನ ಸಭೆಯಲ್ಲಿ ಅಧಿಕಾರಿಯ ಎರಡು ಕಂಬ ಗೋಡೆಯ ಮೇಲೆ ಬೆಳಗುತ್ತಿದ್ದವು. ಪುರಸಭೆಯ ಅಧ್ಯಕ್ಷರಿಗೇ ಎಪ್ಪತ್ತಮೂರು. ಮುದುಕರು ಈಗ ಸಾಯುತ್ತಿಲ್ಲ ಎಂಬ ಮಾತು ಅವರಿಗೆ ಬಹಳ ಹಿಡಿಸಿತ್ತು, ಗಿಡ್ಡ ಕಂಬವನ್ನು ತಲೆಯಾಡಿಸುತ್ತ ನೋಡುತ್ತಿದ್ದರು. ಸಭಾಂಗಣದ ಗುತ್ತಿಗೆಯ ಮೇಲೆ ಕಣ್ಣಿಟ್ಟಿದ್ದ ಸದಸ್ಯರೊಬ್ಬರು ಆಗಲೇ ಮೇಜು ಕುಟ್ಟಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕೆಂಪುಮಸಿ ಎರಡು ಪುಸ್ತಕ ಅವುಚಿಕೊಂಡು ಮುಂದೆ ಬಂದಳು.

"ಆ ಎತ್ತರದ ಕಂಬ ಸುಳ್ಳು ಸರ್."

"ಮೇಡಂ, ಅದು ನಿಮ್ಮದೇ ಪುಸ್ತಕ," ಎಂದರು ಅಧಿಕಾರಿ ನಗುತ್ತ.

"ಪುಸ್ತಕವೇ ಸುಳ್ಳು. ನೂರ ಎಂಬತ್ತರಲ್ಲಿ ಎಂಬತ್ತಮೂರು ಜನ ಮುದುಕರೇ ಅಲ್ಲ. ಅವರನ್ನ ಕಳೀರಿ. ತೊಂಬತ್ತೇಳು ಉಳೀತು. ಸಾವಿರಕ್ಕೆ ಅರವತ್ತೈದು. ಈಗ ಅರವತ್ತೆರಡು. ಮೂರೇ ವ್ಯತ್ಯಾಸ. ನಾನು ಹಿಡಿದಿದ್ದು ಕಾರ್ಖಾನೆಯೋರನ್ನ ಮಾತ್ರ, ಉಳಿದೋರಲ್ಲಿ ಇನ್ನೆಷ್ಟು ಜನ ಇದ್ದಾರೋ. ಗಂಡಸರು ಸಾಯೋದು ಕಮ್ಮಿ ಆಗಿಲ್ಲ ಸರ್, ನಾವು ಸುಳ್ಳು ಬರೆಯೋದು ಕಮ್ಮಿ ಆಗಿದೆ."

ಅಧಿಕಾರಿಯ ಮುಖದ ನಗು ಆರಿತು. ಇಸ್ತ್ರಿ ಮುರಿಯದ ಆ ಅಂಗಿಯ ಒಳಗೂ ವಿಷ ಇತ್ತು ಎಂದಾಯಿತು. "ಸರ್ಕಾರಿ ದಾಖಲೆ ಸುಳ್ಳು ಅಂತೀರಾ? ಬರೆದವರು ಯಾರು? ಹೇಳಿ, ಯಾರ ಕೈ ಅದು?"

"ನನ್ನದೇ."

"ಇದು ಅಪರಾಧ, ಗೊತ್ತಾ? ಇಷ್ಟು ವರ್ಷ ಊರಿಗೆಲ್ಲ ಕೆಂಪು ಗೀಟು ಎಳೆದ್ರಲ್ಲ! ಕೆಲಸ ಹೋಗುತ್ತೆ ನಿಮ್ಮದು."

"ಉಪ್ಪು ತಿಂದವನು ನೀರು ಕುಡೀಲೇಬೇಕು ಸರ್. ನೋಟಿಸು ಕೊಡಿ, ತಗೋತೀನಿ. ಮೊದಲು ಕಂಬ ಇಳಿಸಿ."

ಗುತ್ತಿಗೆಯ ಸದಸ್ಯರು ಎದ್ದು, ಮುದುಕಿಗೆ ತಲೆ ಕೆಟ್ಟಿದೆ ಎಂದರು. ನಿಮ್ಮಪ್ಪನ ಸಾಲು ಮುನ್ನೂರ ನಾಲ್ಕನೇ ಪುಟದಲ್ಲಿದೆ, ಅವರಿಗೆ ಐವತ್ತಮೂರು, ನಾನು ಎಪ್ಪತ್ತು ಬರೆದಿದ್ದೀನಿ, ಓದಲಾ ಎಂದಳು ಅವಳು. ಅವರು ಕೂತರು. ಆಮೇಲೆ ಯಾರೂ ಏಳಲಿಲ್ಲ. ಅಧ್ಯಕ್ಷರು ಮಾತ್ರ ಕನ್ನಡಕ ತೆಗೆದು ಒರೆಸುತ್ತ ಮೆಲ್ಲಗೆ ಕೇಳಿದರು:

"ಅಂದ್ರೆ ನಾವು ಮೊದಲಿನಷ್ಟೇ ಸಾಯ್ತಾ ಇದ್ದೀವಿ?"

"ಹೌದು ಸರ್. ಸಾವಿರಕ್ಕೆ ಮೂರು ಜನ ಕಮ್ಮಿ."

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಗೋಡೆಯಾಚೆಗೆ, ವಾರ್ಡಿನ ದಿಕ್ಕಿಗೆ ನೋಡಿದರು. ಅಲ್ಲಿಂದ ಕೆಮ್ಮು ಇಲ್ಲಿಗೂ ಕೇಳುತ್ತಿತ್ತು. "ಆ ವಾರ್ಡು ಮುಟ್ಟಬೇಡ್ರೀ," ಎಂದರು ಅಧಿಕಾರಿಗೆ. "ಒಂದು ಮಂಚಾನೂ ಎತ್ತಕೂಡದು. ಮುಂದಿನ ವಿಷಯ ತಗೊಳ್ಳಿ."

ನೋಟಿಸು ಮರುದಿನವೇ ಬಂತು. ವಿಚಾರಣೆ ಮುಗಿಯುವವರೆಗೆ ಅಮಾನತು, ಶುಕ್ರವಾರ ಸಂಜೆ ಐದೂವರೆಯೊಳಗೆ ಬೀಗದ ಕೈ ಒಪ್ಪಿಸತಕ್ಕದ್ದು. ಬೀಳ್ಕೊಡುಗೆಯ ಮಾತು ಯಾರೂ ಎತ್ತಲಿಲ್ಲ. ಮೂವತ್ತನಾಲ್ಕು ವರ್ಷ ಅವಳ ನಾಲಿಗೆಗೆ ಹೆದರಿದ್ದ ಕಚೇರಿ ಈಗ ಅವಳೆದುರೇ ಕೆಂಪುಮಸಿ ಎಂದು ಕರೆಯಿತು. ತನ್ನ ಕೆಳಗೆ ಕೆಲಸ ಕಲಿತವರೇ ದಾರಿಯಲ್ಲಿ ಮುಖ ತಿರುಗಿಸಿದರು. ಅವಳಿಗೆ ಅಳು ಬಂತು, ಅತ್ತಳು, ಶೌಚಾಲಯದ ಬಾಗಿಲು ಹಾಕಿಕೊಂಡು. ಹೊರಗೆ ಬಂದು ಗಿಡ್ಡ ಕಾಲಿನ ಬೆಂಚಿನ ಮೇಲೆ ಕೂತು ಮೂಗು ಒರೆಸಿಕೊಳ್ಳುವಾಗ ಬೆಂಚು ಒಂದು ಕಡೆಗೆ ವಾಲಿತು. ಇದು ಇಷ್ಟು ಕೆಟ್ಟದಾಗಿ ವಾಲುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ ಹಳೆಯ ಪುಸ್ತಕ ತೆಗೆದು ಅಪ್ಪನ ಸಾಲಿಗೆ ಬಂದಳು. ದಾಖಲೆ ತಿದ್ದುವುದಕ್ಕೆ ಒಂದು ಕ್ರಮವಿದೆ: ಹಳೆಯದನ್ನು ಅಳಿಸಕೂಡದು, ಓದಲು ಬರುವಂತೆ ಒಂದೇ ಗೀಟು ಎಳೆಯಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ತಾರೀಖು, ಸಹಿ ಹಾಕಬೇಕು. ಎಪ್ಪತ್ತರ ಮೇಲೆ ಕೆಂಪು ಗೀಟು ಎಳೆದು ಐವತ್ತೆಂಟು ಎಂದು ಬರೆದಳು. ವೃದ್ಧಾಪ್ಯದ ಮೇಲೂ ಗೀಟು ಎಳೆದಳು. ನಕಲು ತೆಗೆದು, ಒಂದು ಖಾಲಿ ಎರಡನೇ ಹಾಳೆಯನ್ನೂ ಅಣ್ಣನ ಪುಸ್ತಕವನ್ನೂ ಹಿಡಿದುಕೊಂಡು ಗೇಟು ದಾಟಿದಳು. ವಯಸ್ಸು ಎಪ್ಪತ್ತಕ್ಕಿಂತ ಕಮ್ಮಿಯಾದ ಮೇಲೆ ಹದಿನಾರು ಪ್ರಶ್ನೆಗೂ ಉತ್ತರ ಬೇಕು. ಉತ್ತರ ಗೊತ್ತಿದ್ದವನು ಲೋಕದಲ್ಲಿ ಒಬ್ಬನೇ.

ಅತ್ತಿಗೆ ಮಂಚದ ಪಕ್ಕದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ಸಭೆಯ ಸುದ್ದಿ ಆಗಲೇ ತಲುಪಿತ್ತು. ಇವಳನ್ನು ಕಂಡು ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಅಣ್ಣ ಮೊದಲು ತನ್ನ ಪುಸ್ತಕ ಇಸಿದುಕೊಂಡು ಹಾಳೆಗಳನ್ನು ಎಣಿಸಿದ. ಎಲ್ಲ ಇದ್ದವು. ಆಮೇಲೆ ನಕಲು ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದ. ಓದಿದ. ಮತ್ತೆ ಓದಿದ. ಅತ್ತಿಗೆಯ ಕಡೆ ತಿರುಗದೆ, ನೇರ ತಂಗಿಯ ಮುಖ ನೋಡಿದ.

"ಇದೇನೇ ಇದು?"

ಮೂವತ್ತನಾಲ್ಕು ವರ್ಷದ ಮೇಲೆ ಬಂದ ಮಾತು. "ಅಪ್ಪನ ವಯಸ್ಸು. ಸರಿ ಮಾಡಿದೆ."

"ಐವತ್ತೆಂಟು ಅಂತ ಯಾರು ಹೇಳಿದ್ರು ನಿನಗೆ?"

"ನೀನೇ ಅಲ್ವಾ. ಅವತ್ತು ಕಿಟಕಿ ಹತ್ರ..."

"ತುಂಬಿರಲಿಲ್ಲ ಅಂದೆ. ಐವತ್ತೆಂಟೂ ತುಂಬಿರಲಿಲ್ಲ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಅರ್ಧ ಕೇಳಿಸ್ಕೊಂಡು ಇಷ್ಟು ವರ್ಷ ಕೂತಿದ್ದೆ." ಪುಸ್ತಕದ ಮೊದಲನೇ ಸಾಲಿನ ಮೇಲೆ ಬೆರಳಿಟ್ಟ. "ಹುಟ್ಟಿದ್ದು ಇಲ್ಲಿದೆ, ಸತ್ತಿದ್ದು ಇಲ್ಲಿದೆ. ಹಾಕು ಲೆಕ್ಕ."

ಅವಳು ಲೆಕ್ಕ ಹಾಕಿದಳು. ಐವತ್ತೇಳು ವರ್ಷ, ಹನ್ನೊಂದು ತಿಂಗಳು, ಚಿಲ್ಲರೆ ದಿನ. ಐವತ್ತೆಂಟು ತುಂಬಲು ಹನ್ನೊಂದು ದಿನ ಬಾಕಿ ಇತ್ತು. ದಾಖಲೆಯಲ್ಲಿ ತುಂಬಿದ ವರ್ಷವನ್ನಷ್ಟೇ ಬರೆಯಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಹನ್ನೊಂದು ದಿನಾನೇ ಅಲ್ವೇನ್ರೀ, ಬಿಡಿ," ಎಂದಳು ಅತ್ತಿಗೆ.

"ಯಾಕೆ ಬಿಡಬೇಕು?" ಅಣ್ಣ ಉಸಿರು ಎಳೆದುಕೊಂಡ. "ಅವನು ಬದುಕದೇ ಇರೋ ಹನ್ನೆರಡು ವರ್ಷ ವಾಪಸ್ ತಗೊಂಡ್ಲು. ಈ ಹನ್ನೊಂದು ದಿನಾನೂ ತಗೊಳ್ಲಿ. ಬದುಕದೇ ಇರೋ ದಿನ ಒಂದೂ ಬೇಡ ಅಪ್ಪನಿಗೆ." ಕೆಮ್ಮು ಬಂತು, ಎರಡು ಸಣ್ಣದು, ಒಂದು ಉದ್ದ. ಅದು ಮುಗಿಯುವವರೆಗೂ ಅವಳ ತೊಡೆಯ ಮೇಲಿದ್ದ ಖಾಲಿ ಹಾಳೆಯನ್ನೇ ನೋಡುತ್ತಿದ್ದ. ಅದು ಯಾವ ಹಾಳೆಯೆಂದು ಅವನಿಗೆ ಗೊತ್ತಾಗಿತ್ತು.

"ಅದನ್ನ ಆಮೇಲೆ ಬರೆಯೋಣ, ಹದಿನಾರೂ ಹೇಳ್ತೀನಿ," ಎಂದ. ನಕಲನ್ನು ಅವಳ ಕಡೆಗೆ ತಳ್ಳಿದ. "ಮೊದಲು ತಿದ್ದಿಕೊಂಡು ಬಾ."

ಬೀಗದ ಕೈ ಒಪ್ಪಿಸುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಅವಳು ಎದ್ದು ಗೇಟಿನ ಕಡೆಗೆ ಓಡಿದಳು.